ರೊಬೆರ್ಟೊ ಕಾಲ್ಡೆಯ್ರೊ ಬಾರ್ಸಿಯಾ

ರೊಬೆರ್ಟೊ ಕಾಲ್ಡೆಯ್ರೊ ಬಾರ್ಸಿಯಾ (26 ಸೆಪ್ಟೆಂಬರ್ 1921 – 2 ನವೆಂಬರ್ 1996) ಅವರು ಉರುಗ್ವೆ ದೇಶದ ವೈದ್ಯರು, ಶರೀರಕ್ರಿಯಾ ವಿಜ್ಞಾನಿ ಹಾಗೂ ಪ್ರಸೂತಿ ಶಾಸ್ತ್ರದ ಸಂಶೋಧಕರು. ಹೆರಿಗೆಯ ವೇಳೆ ಗರ್ಭಕೋಶ ಸಂಕೋಚನಗೊಳ್ಳುವ ಬಲವನ್ನು ನೇರವಾಗಿ ಅಳೆದು, ಆ ಸಂಕೋಚನಕ್ಕೂ ಗರ್ಭಸ್ಥ ಶಿಶುವಿನ ಹೃದಯ ಬಡಿತದ ಏರಿಳಿತಕ್ಕೂ ಇರುವ ಸಂಬಂಧವನ್ನು ವರ್ಗೀಕರಿಸಿದವರಲ್ಲಿ ಅವರು ಪ್ರಮುಖರು. ಸಂಕೋಚನದ ಬಲವನ್ನು ಸೂಚಿಸಲು ಇಂದಿಗೂ ಬಳಸಲಾಗುವ ಮಾಂಟೆವಿಡಿಯೊ ಘಟಕವು ಎರ್ಮೊಹೆನೆಸ್ ಆಲ್ವಾರೆಸ್ ಅವರೊಂದಿಗೆ ಅವರು ನಡೆಸಿದ ಸಂಶೋಧನೆಯ ಫಲವಾಗಿದೆ. ಹೃದಯ ಬಡಿತದ ಇಳಿತಗಳನ್ನು ಒಂದನೆಯ ಬಗೆ ಮತ್ತು ಎರಡನೆಯ ಬಗೆ ಎಂದು ಬೇರ್ಪಡಿಸಿದ ಅವರ ತಂಡದ ಕ್ರಮವು ಸ್ಪ್ಯಾನಿಷ್ ಭಾಷಿಕ ದೇಶಗಳ ವೈದ್ಯಕೀಯ ಶಿಕ್ಷಣದಲ್ಲಿ ಬಹುಕಾಲ ಉಳಿದುಬಂದಿದೆ.

ಯಂತ್ರದ ಮೂಲಕ ಶಿಶುವಿನ ನಿಗಾ ವಹಿಸುವ ಪದ್ಧತಿಗೆ ಅಡಿಪಾಯ ಹಾಕಿದ ಕಾಲ್ಡೆಯ್ರೊ ಬಾರ್ಸಿಯಾ ಅವರೇ, ಆಸ್ಪತ್ರೆಯ ಹೆರಿಗೆ ಕೋಣೆಯ ಹಲವು ರೂಢಿಗಳನ್ನು ಕಟುವಾಗಿ ವಿಮರ್ಶಿಸಿದವರೂ ಆಗಿದ್ದರು. ಈ ಎರಡು ನಿಲುವುಗಳಿಗೂ ಆಧಾರವಾಗಿದ್ದುದು ಒಂದೇ ದಾಖಲೆ: ಸಂಕೋಚನ ಮತ್ತು ಹೃದಯ ಬಡಿತಗಳನ್ನು ಒಂದೇ ಕಾಗದದ ಮೇಲೆ ಒಟ್ಟಿಗೆ ಬರೆದ ಎರಡು ರೇಖೆಗಳು.

ಆರಂಭಿಕ ಜೀವನ

ಕಾಲ್ಡೆಯ್ರೊ ಬಾರ್ಸಿಯಾ ಅವರು ಉರುಗ್ವೆಯ ರಾಜಧಾನಿ ಮಾಂಟೆವಿಡಿಯೊದಲ್ಲಿ ಜನಿಸಿದರು. ಅಲ್ಲಿನ ಗಣರಾಜ್ಯ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗದಲ್ಲಿ ವ್ಯಾಸಂಗ ಮಾಡಿ 1947ರಲ್ಲಿ ವೈದ್ಯ ಪದವಿ ಪಡೆದರು. ಅವರ ಆಸಕ್ತಿ ಆರಂಭದಿಂದಲೂ ರೋಗಿಗಳ ಚಿಕಿತ್ಸೆಗಿಂತ ಶರೀರದ ಕ್ರಿಯೆಗಳ ಅಳತೆಯ ಕಡೆಗಿತ್ತು. ಇದೇ ಆಸಕ್ತಿ ಅವರನ್ನು ಹಿರಿಯ ಪ್ರಸೂತಿ ತಜ್ಞ ಎರ್ಮೊಹೆನೆಸ್ ಆಲ್ವಾರೆಸ್ ಅವರ ಜೊತೆ ಸೇರಿಸಿತು. ಆಲ್ವಾರೆಸ್ ಅವರಿಗೆ ಹೆರಿಗೆಯ ಅನುಭವವಿತ್ತು. ಕಾಲ್ಡೆಯ್ರೊ ಬಾರ್ಸಿಯಾ ಅವರಿಗೆ ಉಪಕರಣಗಳ ಹಾಗೂ ಶರೀರಕ್ರಿಯಾ ಪ್ರಯೋಗಗಳ ಅನುಭವವಿತ್ತು. ಇವರಿಬ್ಬರ ಸಹಯೋಗದಿಂದ ಮಾಂಟೆವಿಡಿಯೊದ ವೈದ್ಯಕೀಯ ವಿಭಾಗದಲ್ಲಿ ಪ್ರಸೂತಿ ಶರೀರಕ್ರಿಯಾ ವಿಜ್ಞಾನದ ಒಂದು ಸಂಶೋಧನಾ ಪರಂಪರೆ ಬೆಳೆಯಿತು.

ಹಿನ್ನೆಲೆ

ಗರ್ಭಸ್ಥ ಶಿಶುವಿನ ಹೃದಯ ಬಡಿತವನ್ನು ಹೊರಗಿನಿಂದ ಕೇಳಬಹುದು ಎಂಬುದು ಯುರೋಪಿನ ವೈದ್ಯರಿಗೆ 19ನೆಯ ಶತಮಾನದ ಆರಂಭದಲ್ಲೇ ತಿಳಿದಿತ್ತು. ಜಿನೀವಾದ ಶಸ್ತ್ರವೈದ್ಯ ಫ್ರಾನ್ಸ್ವಾ ಮಾಯೊರ್ 1818ರಲ್ಲಿ ಇದನ್ನು ವರದಿ ಮಾಡಿದರು. ಫ್ರಾನ್ಸಿನ ಕೆರ್ಗಾರಾಡೆಕ್ 1821ರಲ್ಲಿ ಸ್ಟೆತಾಸ್ಕೋಪ್ ಬಳಸಿ ಬಡಿತವನ್ನು ಆಲಿಸಿ, ಶಿಶು ಜೀವಂತವಾಗಿದೆಯೇ, ಗರ್ಭದಲ್ಲಿ ಅವಳಿಗಳಿವೆಯೇ ಎಂಬುದನ್ನು ಅರಿಯಲು ಇದು ನೆರವಾಗುತ್ತದೆ ಎಂದು ತೋರಿಸಿದರು. ಡಬ್ಲಿನ್‌ನ ಎವರಿ ಕೆನಡಿ 1833ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸಂಕೋಚನ ಮುಗಿದ ಮೇಲೂ ಬಡಿತ ನಿಧಾನವಾಗಿಯೇ ಉಳಿದರೆ ಅದು ಶಿಶುವಿನ ಸಂಕಟದ ಸೂಚನೆಯಾಗಿರಬಹುದು ಎಂದು ಗುರುತಿಸಿದ್ದರು.

ಆದರೆ ಈ ಅವಲೋಕನವನ್ನು ಮುಂದುವರಿಸಲು ಕಿವಿಯೊಂದೇ ಸಾಲುತ್ತಿರಲಿಲ್ಲ. ಸಂಕೋಚನದ ಸಮಯದಲ್ಲಿ ಗರ್ಭಕೋಶದ ಗೋಡೆ ಗಟ್ಟಿಯಾಗುತ್ತದೆ, ತಾಯಿ ನೋವಿನಿಂದ ಅಲುಗಾಡುತ್ತಾಳೆ, ಬಡಿತ ಸರಿಯಾಗಿ ಕೇಳಿಸುವುದಿಲ್ಲ. ಆದ್ದರಿಂದ ಸೂಲಗಿತ್ತಿಯರೂ ವೈದ್ಯರೂ ಎರಡು ಸಂಕೋಚನಗಳ ನಡುವಿನ ಬಿಡುವಿನಲ್ಲಿ ಬಡಿತವನ್ನು ಎಣಿಸುತ್ತಿದ್ದರು. ಹೀಗೆ ದೊರೆಯುತ್ತಿದ್ದುದು ಒಂದು ಸರಾಸರಿ ಸಂಖ್ಯೆ ಮಾತ್ರ. ಅದು ಸಾಮಾನ್ಯ ಮಿತಿಯೊಳಗಿದ್ದರೆ ಶಿಶು ಕ್ಷೇಮ, ಮಿತಿ ಮೀರಿದರೆ ಅಪಾಯ ಎಂದು ಭಾವಿಸಲಾಗುತ್ತಿತ್ತು. ಅಮೆರಿಕದಲ್ಲಿ ಸುಮಾರು 25,000 ಹೆರಿಗೆಗಳ ದಾಖಲೆಗಳನ್ನು ಪರಿಶೀಲಿಸಿ 1968ರಲ್ಲಿ ಪ್ರಕಟವಾದ ಅಧ್ಯಯನವು, ಕಿವಿಯಿಂದ ಎಣಿಸಿದ ಬಡಿತವು ತೀರಾ ವಿಪರೀತದ ಸಂದರ್ಭಗಳನ್ನು ಬಿಟ್ಟರೆ ಶಿಶುವಿನ ಸಂಕಟವನ್ನು ವಿಶ್ವಾಸಾರ್ಹವಾಗಿ ಸೂಚಿಸುವುದಿಲ್ಲ ಎಂಬ ನಿರ್ಣಯಕ್ಕೆ ಬಂದಿತು. ಶಿಶುವಿಗೆ ಹೆಚ್ಚು ಒತ್ತಡ ಬೀಳುವ ಗಳಿಗೆಯೇ, ಅಂದರೆ ಸಂಕೋಚನದ ಗಳಿಗೆಯೇ, ಈ ಎಣಿಕೆಯಿಂದ ಹೊರಗುಳಿದಿತ್ತು.

ಗರ್ಭಕೋಶದ ಒತ್ತಡದ ಅಳತೆ

ಗರ್ಭಕೋಶದ ಒಳಗಿನ ಒತ್ತಡವನ್ನು ಅಳೆಯುವ ಪ್ರಯತ್ನಗಳು ಮಾಂಟೆವಿಡಿಯೊಗಿಂತ ಮೊದಲೂ ನಡೆದಿದ್ದವು. ಜರ್ಮನಿಯ ಫ್ರೀಡ್ರಿಕ್ ಶಾಟ್ಸ್ 1872ರಲ್ಲಿ ಗರ್ಭಕೋಶದ ಬಾಯಿಯ ಮೂಲಕ ಬಲೂನೊಂದನ್ನು ಒಳಸೇರಿಸಿ ಒತ್ತಡದ ರೇಖೆಯನ್ನು ಪಡೆದಿದ್ದರು. ಆಲ್ವಾರೆಸ್ ಮತ್ತು ಕಾಲ್ಡೆಯ್ರೊ ಬಾರ್ಸಿಯಾ 1940ರ ದಶಕದ ಕೊನೆಯಲ್ಲಿ ಬೇರೆ ಮಾರ್ಗವನ್ನು ಅನುಸರಿಸಿದರು. ಅವರು ತಾಯಿಯ ಹೊಟ್ಟೆಯ ಗೋಡೆಯ ಮೂಲಕ ಸೂಜಿಯನ್ನು ಹಾಯಿಸಿ, ಶಿಶುವನ್ನು ಸುತ್ತುವರಿದ ಆಮ್ನಿಯಾಟಿಕ್ ದ್ರವದೊಳಗೆ ತೆಳುವಾದ ಕೊಳವೆಯನ್ನಿಟ್ಟು, ಅದನ್ನು ಒತ್ತಡ ದಾಖಲಿಸುವ ಉಪಕರಣಕ್ಕೆ ಜೋಡಿಸಿದರು. ಇದರಿಂದ ನೀರಿನ ಚೀಲ ಒಡೆಯದೆಯೇ, ಹೆರಿಗೆ ಆರಂಭವಾಗುವ ಮುನ್ನವೂ, ಒತ್ತಡವನ್ನು ಗಂಟೆಗಟ್ಟಲೆ ದಾಖಲಿಸಲು ಸಾಧ್ಯವಾಯಿತು. ಗರ್ಭಕೋಶದ ಸ್ನಾಯುವಿನ ಬೇರೆ ಬೇರೆ ಭಾಗಗಳಲ್ಲಿ ಅತಿ ಸಣ್ಣ ಬಲೂನುಗಳನ್ನಿಟ್ಟು ಪ್ರತಿಯೊಂದು ಭಾಗದ ಸಂಕೋಚನವನ್ನು ಪ್ರತ್ಯೇಕವಾಗಿಯೂ ಅಳೆದರು. ಈ ವಿಧಾನಗಳ ಮೊದಲ ಪ್ರಮುಖ ವರದಿ 1950ರಲ್ಲಿ ಪ್ರಕಟವಾಯಿತು.

ಈ ಅಧ್ಯಯನಗಳು ಹೆರಿಗೆಯ ಸಂಕೋಚನಕ್ಕೆ ಒಂದು ಕ್ರಮವಿದೆ ಎಂಬುದನ್ನು ತೋರಿಸಿದವು. ಸಾಮಾನ್ಯ ಹೆರಿಗೆಯಲ್ಲಿ ಸಂಕೋಚನದ ಅಲೆಯು ಗರ್ಭಕೋಶದ ಮೇಲ್ಭಾಗದಲ್ಲಿ, ಅಂಡನಾಳ ಸೇರುವ ಮೂಲೆಯ ಬಳಿ, ಹುಟ್ಟಿ ಕೆಳಮುಖವಾಗಿ ಹರಡುತ್ತದೆ. ಮೇಲ್ಭಾಗದಲ್ಲಿ ಸಂಕೋಚನವು ಮೊದಲು ಆರಂಭವಾಗುತ್ತದೆ, ಹೆಚ್ಚು ಬಲವಾಗಿರುತ್ತದೆ, ಹೆಚ್ಚು ಹೊತ್ತು ಉಳಿಯುತ್ತದೆ. ಕೆಳಕ್ಕೆ ಬಂದಂತೆ ಈ ಮೂರೂ ಕಡಿಮೆಯಾಗುತ್ತವೆ. ಇದನ್ನು ಮೂರು ಬಗೆಯ ಇಳಿಮುಖ ಎಂದು ವಿವರಿಸಲಾಯಿತು. ಈ ಕ್ರಮ ತಪ್ಪಿದಾಗ ನೋವು ಹೆಚ್ಚಿದ್ದರೂ ಗರ್ಭಕೋಶದ ಬಾಯಿ ತೆರೆಯುವುದು ನಿಧಾನವಾಗುತ್ತದೆ.

ಕೈಯಿಂದ ಮುಟ್ಟಿ ತಿಳಿಯುವ ಅಳತೆಯ ಮಿತಿಯೂ ಈ ದಾಖಲೆಗಳಿಂದ ಸ್ಪಷ್ಟವಾಯಿತು. ಸಂಕೋಚನದ ಬಲ ಸುಮಾರು 10 ಮಿಲಿಮೀಟರ್ ಪಾದರಸವನ್ನು ಮೀರಿದಾಗ ಮಾತ್ರ ಅದು ಹೊಟ್ಟೆಯ ಮೇಲಿಟ್ಟ ಕೈಗೆ ತಿಳಿಯುತ್ತದೆ. ತಾಯಿಗೆ ನೋವಾಗುವುದು ಸಾಮಾನ್ಯವಾಗಿ 15 ಮಿಲಿಮೀಟರ್ ದಾಟಿದ ಮೇಲೆ. 40 ಮಿಲಿಮೀಟರ್‌ವರೆಗೂ ಗರ್ಭಕೋಶದ ಗೋಡೆಯನ್ನು ಬೆರಳಿನಿಂದ ಒತ್ತಲು ಸಾಧ್ಯ.

ಮಾಂಟೆವಿಡಿಯೊ ಘಟಕ

ಸಂಕೋಚನಗಳನ್ನು ಒಬ್ಬ ತಾಯಿಯಿಂದ ಇನ್ನೊಬ್ಬ ತಾಯಿಗೆ ಹೋಲಿಸಲು ಒಂದು ಸಾಮಾನ್ಯ ಅಳತೆ ಬೇಕಾಗಿತ್ತು. ಇದಕ್ಕಾಗಿ ಸಂಶೋಧಕರು ಸಂಕೋಚನದ ಸರಾಸರಿ ಬಲವನ್ನು 10 ನಿಮಿಷಗಳಲ್ಲಿ ಬರುವ ಸಂಕೋಚನಗಳ ಸಂಖ್ಯೆಯಿಂದ ಗುಣಿಸಿದರು. ಬಲವನ್ನು ಲೆಕ್ಕಹಾಕುವಾಗ ಗರ್ಭಕೋಶ ವಿಶ್ರಾಂತವಾಗಿರುವಾಗಿನ ಒತ್ತಡವನ್ನು ಕಳೆಯಲಾಗುತ್ತದೆ. ಉದಾಹರಣೆಗೆ, 10 ನಿಮಿಷಗಳಲ್ಲಿ 4 ಸಂಕೋಚನಗಳು ಬಂದು ಪ್ರತಿಯೊಂದೂ ಒತ್ತಡವನ್ನು 45 ಮಿಲಿಮೀಟರ್‌ನಷ್ಟು ಏರಿಸಿದರೆ ಅದು 180 ಮಾಂಟೆವಿಡಿಯೊ ಘಟಕವಾಗುತ್ತದೆ. ಹೆರಿಗೆಯು 80ರಿಂದ 120 ಘಟಕಗಳಲ್ಲಿ ಆರಂಭವಾಗುತ್ತದೆ ಎಂದೂ, ಶಿಶು ಹೊರಬರುವ ಹಂತದಲ್ಲಿ ಅದು ಸುಮಾರು 250ರವರೆಗೆ ಏರಬಹುದು ಎಂದೂ ಈ ಅಧ್ಯಯನಗಳಿಂದ ತಿಳಿದುಬಂದಿತು. ಸಂಶೋಧನೆ ನಡೆದ ನಗರದ ಹೆಸರೇ ಘಟಕಕ್ಕೆ ಉಳಿಯಿತು.

ಆಕ್ಸಿಟೋಸಿನ್ ಕುರಿತ ಅಧ್ಯಯನ

ಗರ್ಭಕೋಶವನ್ನು ಸಂಕುಚಿತಗೊಳಿಸುವ ಆಕ್ಸಿಟೋಸಿನ್ ಹಾರ್ಮೋನನ್ನು ಅಮೆರಿಕದ ವಿನ್ಸೆಂಟ್ ದು ವಿನ್ಯೋ 1953ರಲ್ಲಿ ಪ್ರಯೋಗಾಲಯದಲ್ಲಿ ಸಂಯೋಜಿಸಿದರು. ಈ ಕಾರ್ಯಕ್ಕೆ 1955ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಅದಕ್ಕೂ ಮೊದಲು ಪ್ರಾಣಿಗಳ ಪಿಟ್ಯುಟರಿ ಗ್ರಂಥಿಯ ಸಾರವನ್ನು ಸ್ನಾಯುವಿಗೆ ಚುಚ್ಚುವ ರೂಢಿಯಿತ್ತು. ಒಮ್ಮೆ ಚುಚ್ಚಿದ ಮೇಲೆ ಅದರ ಪರಿಣಾಮವನ್ನು ಹಿಂತೆಗೆಯುವ ದಾರಿ ಇರಲಿಲ್ಲ.

ಕಾಲ್ಡೆಯ್ರೊ ಬಾರ್ಸಿಯಾ ಅವರ ತಂಡವು ಆಕ್ಸಿಟೋಸಿನನ್ನು ಅಭಿಧಮನಿಯ ಮೂಲಕ ನಿಧಾನವಾಗಿ ಹನಿಸುತ್ತಾ, ಪ್ರತಿ ಪ್ರಮಾಣಕ್ಕೂ ಗರ್ಭಕೋಶ ಹೇಗೆ ಪ್ರತಿಕ್ರಿಯಿಸುತ್ತದೆ ಎಂಬುದನ್ನು ಒತ್ತಡದ ರೇಖೆಯಿಂದ ನಿರ್ಧರಿಸಿತು. ಸಹಜ ಹೆರಿಗೆಯಂತಹ ಸಂಕೋಚನವನ್ನು ಉಂಟುಮಾಡಲು ನಿಮಿಷಕ್ಕೆ ಕೆಲವೇ ಮಿಲಿಯೂನಿಟ್ ಸಾಕಾಗುತ್ತದೆ ಎಂಬುದು ಇದರಿಂದ ತಿಳಿಯಿತು. ಪ್ರಮಾಣ ಹೆಚ್ಚಾದಾಗ ಸಂಕೋಚನಗಳು ಒಂದರ ಹಿಂದೊಂದು ಬರುತ್ತವೆ, ನಡುವಿನ ಬಿಡುವು ಕುಗ್ಗುತ್ತದೆ, ವಿಶ್ರಾಂತ ಸ್ಥಿತಿಯ ಒತ್ತಡವೂ ಏರುತ್ತದೆ. ಈ ಬಿಡುವಿನಲ್ಲೇ ಶಿಶುವಿಗೆ ಆಮ್ಲಜನಕ ಪೂರೈಕೆಯಾಗುವುದರಿಂದ ಔಷಧದ ಅತಿಬಳಕೆ ನೇರವಾಗಿ ಶಿಶುವಿನ ಉಸಿರಿನ ಪ್ರಶ್ನೆಯಾಗಿತ್ತು. ಹಾಲುಣಿಸುವ ತಾಯಂದಿರ ಸ್ತನನಾಳಗಳ ಒತ್ತಡದ ಮೇಲೆ ಆಕ್ಸಿಟೋಸಿನ್ ಬೀರುವ ಪರಿಣಾಮವನ್ನೂ ತಂಡ ಅಳೆಯಿತು. ಈ ಹಾರ್ಮೋನನ್ನು ಕುರಿತ ಅಂತರರಾಷ್ಟ್ರೀಯ ವಿಚಾರ ಸಂಕಿರಣ 1959ರಲ್ಲಿ ಮಾಂಟೆವಿಡಿಯೊದಲ್ಲಿ ನಡೆಯಿತು. ಅದರ ಪ್ರಬಂಧಗಳ ಸಂಪುಟವನ್ನು ಹಾನ್ಸ್ ಹೆಲ್ಲರ್ ಅವರೊಂದಿಗೆ ಕಾಲ್ಡೆಯ್ರೊ ಬಾರ್ಸಿಯಾ ಸಂಪಾದಿಸಿದರು; ಅದು 1961ರಲ್ಲಿ ಪ್ರಕಟವಾಯಿತು.

ಹೃದಯ ಬಡಿತದ ಇಳಿತಗಳ ವರ್ಗೀಕರಣ

ಒತ್ತಡದ ರೇಖೆ ಕೈಗೆ ಬಂದ ಮೇಲೆ, ಅದೇ ಕಾಗದದ ಮೇಲೆ ಶಿಶುವಿನ ಹೃದಯ ಬಡಿತವನ್ನೂ ಏಕಕಾಲದಲ್ಲಿ ದಾಖಲಿಸುವುದು ಮುಂದಿನ ಹೆಜ್ಜೆಯಾಯಿತು. ವಿದ್ಯುದಗ್ರಗಳ ಮೂಲಕ ಶಿಶುವಿನ ಹೃದಯದ ವಿದ್ಯುತ್ ಸಂಕೇತವನ್ನು ಪಡೆದು, ಒಂದು ಬಡಿತಕ್ಕೂ ಮುಂದಿನ ಬಡಿತಕ್ಕೂ ನಡುವಿನ ಅಂತರದಿಂದ ಆ ಕ್ಷಣದ ಗತಿಯನ್ನು ಲೆಕ್ಕಹಾಕಲಾಯಿತು. ಸರಾಸರಿ ಸಂಖ್ಯೆಯ ಬದಲು, ಪ್ರತಿ ಸಂಕೋಚನದ ಮೊದಲು, ನಡುವೆ ಮತ್ತು ನಂತರ ಹೃದಯ ಹೇಗೆ ನಡೆದುಕೊಂಡಿತು ಎಂಬ ರೇಖೆ ದೊರೆಯಿತು.

ಈ ರೇಖೆಯಲ್ಲಿ ತಾತ್ಕಾಲಿಕವಾಗಿ ಗತಿ ಕುಸಿದು ಮತ್ತೆ ಮೇಲೇರುವ ತಗ್ಗುಗಳನ್ನು ತಂಡವು ಡಿಪ್ ಎಂದು ಕರೆಯಿತು. ಸಂಕೋಚನದ ತುತ್ತತುದಿಗೂ ತಗ್ಗಿನ ತಳಕ್ಕೂ ನಡುವೆ ಎಷ್ಟು ಸೆಕೆಂಡುಗಳ ಅಂತರವಿದೆ ಎಂಬುದೇ ವರ್ಗೀಕರಣದ ಮುಖ್ಯ ಆಧಾರವಾಯಿತು.

ಒಂದನೆಯ ಬಗೆಯ ಡಿಪ್: ತಗ್ಗಿನ ತಳವು ಸಂಕೋಚನದ ತುದಿಯೊಂದಿಗೆ ಬಹುತೇಕ ಹೊಂದಿಕೆಯಾಗುತ್ತದೆ, ಅಂತರ 20 ಸೆಕೆಂಡಿಗಿಂತ ಕಡಿಮೆ. ಸಂಕೋಚನ ಇಳಿದಂತೆ ಬಡಿತವೂ ಮೊದಲಿನ ಮಟ್ಟಕ್ಕೆ ಮರಳುತ್ತದೆ. ಶಿಶುವಿನ ತಲೆಯ ಮೇಲೆ ಬೀಳುವ ಒತ್ತಡದಿಂದ ವೇಗಸ್ ನರ ಪ್ರಚೋದನೆಗೊಂಡು ಇದು ಉಂಟಾಗುತ್ತದೆ ಎಂದು ತಂಡ ವಿವರಿಸಿತು. ವೇಗಸ್ ನರದ ಪರಿಣಾಮವನ್ನು ತಡೆಯುವ ಅಟ್ರೋಪಿನ್ ಔಷಧವನ್ನು ನೀಡಿದಾಗ ಈ ತಗ್ಗುಗಳು ಬಹುಮಟ್ಟಿಗೆ ಮಾಯವಾದವು. ಕಾರ್ಲೋಸ್ ಮೆಂಡೆಸ್ ಬಾವರ್ ಮತ್ತು ಸಹೋದ್ಯೋಗಿಗಳೊಂದಿಗೆ ಈ ಕುರಿತ ಪ್ರಬಂಧವನ್ನು ಕಾಲ್ಡೆಯ್ರೊ ಬಾರ್ಸಿಯಾ 1963ರಲ್ಲಿ ಪ್ರಕಟಿಸಿದರು. ಈ ಬಗೆಯ ತಗ್ಗು ಸಾಮಾನ್ಯವಾಗಿ ಶಿಶುವಿನ ಆಮ್ಲಜನಕದ ಕೊರತೆಯನ್ನು ಸೂಚಿಸುವುದಿಲ್ಲ.

ಎರಡನೆಯ ಬಗೆಯ ಡಿಪ್: ಸಂಕೋಚನದ ತುದಿ ಕಳೆದು ಸುಮಾರು 20ರಿಂದ 60 ಸೆಕೆಂಡುಗಳ ನಂತರ ತಗ್ಗಿನ ತಳ ಕಾಣಿಸಿಕೊಳ್ಳುತ್ತದೆ. ಗರ್ಭಕೋಶ ಸಡಿಲಗೊಂಡ ಮೇಲೂ ಹೃದಯ ನಿಧಾನವಾಗಿಯೇ ಇರುತ್ತದೆ. ಇದರ ಕಾರಣ ರಕ್ತಪರಿಚಲನೆಯಲ್ಲಿದೆ. ಸಂಕೋಚನ ಬಲವಾದಾಗ ಗರ್ಭಕೋಶದ ಸ್ನಾಯುವಿನ ಮೂಲಕ ಹಾದುಹೋಗುವ ರಕ್ತನಾಳಗಳು ಅದುಮಲ್ಪಟ್ಟು, ಮಾಸುವಿಗೆ ತಾಯಿಯ ರಕ್ತ ಹರಿಯುವುದು ಕೆಲಕಾಲ ನಿಲ್ಲುತ್ತದೆ. ಶಿಶುವಿನ ಆಮ್ಲಜನಕದ ಸಂಗ್ರಹ ಸಾಕಷ್ಟಿದ್ದರೆ ಈ ತಡೆಯನ್ನು ಅದು ಸಹಿಸುತ್ತದೆ. ಸಂಗ್ರಹ ಕಡಿಮೆಯಿದ್ದರೆ ಆಮ್ಲಜನಕದ ಮಟ್ಟ ನಿರ್ಣಾಯಕ ಮಿತಿಗಿಂತ ಕೆಳಗಿಳಿಯುತ್ತದೆ. ಹೀಗೆ ಇಳಿಯಲು ಸಮಯ ಹಿಡಿಯುವುದರಿಂದಲೇ ಹೃದಯದ ಪ್ರತಿಕ್ರಿಯೆ ತಡವಾಗಿ ಬರುತ್ತದೆ. ಈ ಬಗೆಯ ತಗ್ಗುಗಳು ಮತ್ತೆ ಮತ್ತೆ ಕಾಣಿಸಿಕೊಂಡ ಶಿಶುಗಳಲ್ಲಿ ರಕ್ತದ ಆಮ್ಲತೆ ಹೆಚ್ಚಿರುವುದನ್ನೂ, ಹುಟ್ಟಿದ ಕೂಡಲೇ ಅವು ಬಳಲಿರುವುದನ್ನೂ ತಂಡ ಗಮನಿಸಿತು.

ಹೊಕ್ಕುಳಬಳ್ಳಿ ಅದುಮಲ್ಪಟ್ಟಾಗ ಕಾಣಿಸುವ ತಗ್ಗುಗಳ ಆಕಾರವೂ ಕಾಲವೂ ಒಂದು ಸಂಕೋಚನದಿಂದ ಇನ್ನೊಂದಕ್ಕೆ ಬದಲಾಗುತ್ತವೆ. ಇವನ್ನು ಸ್ಪ್ಯಾನಿಷ್ ಪಠ್ಯಗಳಲ್ಲಿ ಹೊಕ್ಕುಳಬಳ್ಳಿಯ ಡಿಪ್ ಅಥವಾ ಮೂರನೆಯ ಬಗೆಯ ಡಿಪ್ ಎಂದು ಸೇರಿಸಿಕೊಳ್ಳಲಾಗಿದೆ.

ಈ ವರ್ಗೀಕರಣದ ಮಹತ್ವ ಇಳಿತದ ಆಳಕ್ಕಿಂತ ಕಾಲಕ್ಕೆ ಕೊಟ್ಟ ಪ್ರಾಧಾನ್ಯದಲ್ಲಿದೆ. ನೋಡಲು ಆಳವಾದ ತಗ್ಗೊಂದು ನಿರಪಾಯಕಾರಿಯಾಗಿರಬಹುದು. ಕಣ್ಣಿಗೆ ಸುಲಭವಾಗಿ ಬೀಳದ, ಆಳವಿಲ್ಲದ ತಡವಾದ ತಗ್ಗು ಅಪಾಯದ ಸೂಚನೆಯಾಗಿರಬಹುದು. ಸಂಕೋಚನದ ರೇಖೆ ಇಲ್ಲದೆ ಇವೆರಡನ್ನೂ ಬೇರ್ಪಡಿಸಲಾಗದು.

ಪರಿಭಾಷೆಯ ಭಿನ್ನತೆ

ಇದೇ ಅವಧಿಯಲ್ಲಿ ಇನ್ನೆರಡು ಕಡೆ ಇದೇ ಸಮಸ್ಯೆಯ ಮೇಲೆ ಕೆಲಸ ನಡೆಯುತ್ತಿತ್ತು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಹಾನ್ 1958ರಲ್ಲಿ ಹೃದಯ ಬಡಿತದ ಇಲೆಕ್ಟ್ರಾನಿಕ್ ದಾಖಲೆಯ ಕುರಿತ ಪ್ರಬಂಧ ಪ್ರಕಟಿಸಿದರು. ಜರ್ಮನಿಯಲ್ಲಿ ಕೊನ್ರಾಡ್ ಹಮ್ಮಾಖರ್ 1960ರ ದಶಕದಲ್ಲಿ ತಮ್ಮದೇ ವಿಧಾನವನ್ನು ರೂಪಿಸಿದರು. ಹಾನ್ ಅವರು ಇಳಿತಗಳನ್ನು ಮುಂಚಿನ, ತಡವಾದ ಮತ್ತು ಬದಲಾಗುವ ಇಳಿತಗಳೆಂದು ಮೂರಾಗಿ ವಿಂಗಡಿಸಿದರು. ಮುಂಚಿನ ಇಳಿತವು ಮಾಂಟೆವಿಡಿಯೊದ ಒಂದನೆಯ ಬಗೆಗೂ, ತಡವಾದ ಇಳಿತವು ಎರಡನೆಯ ಬಗೆಗೂ ಸ್ಥೂಲವಾಗಿ ಸಮಾನವಾಗಿದ್ದವು. ಆದರೆ ಹಾನ್ ಇಳಿತದ ಆರಂಭ ಮತ್ತು ಆಕಾರವನ್ನು ನೋಡಿದರೆ, ಮಾಂಟೆವಿಡಿಯೊ ತಂಡವು ತುದಿಯಿಂದ ತಳಕ್ಕಿರುವ ಅಂತರವನ್ನು ನೋಡುತ್ತಿತ್ತು. ಒಂದೇ ರೇಖೆಗೆ ಎರಡು ಕ್ರಮಗಳಲ್ಲಿ ಎರಡು ಹೆಸರು ಬರುವ ಸಾಧ್ಯತೆಯಿತ್ತು.

ಕಾಗದ ಚಲಿಸುವ ವೇಗವೂ ಗೊಂದಲಕ್ಕೆ ಕಾರಣವಾಯಿತು. ಅಮೆರಿಕದಲ್ಲಿ ಕಾಗದವು ನಿಮಿಷಕ್ಕೆ 3 ಸೆಂಟಿಮೀಟರ್ ಚಲಿಸಿದರೆ, ಯುರೋಪಿನ ಹಲವೆಡೆ 1 ಸೆಂಟಿಮೀಟರ್ ಚಲಿಸುತ್ತಿತ್ತು. ಒಂದೆಡೆ ಅಗಲವಾಗಿ ಕಾಣುವ ತಗ್ಗು ಇನ್ನೊಂದೆಡೆ ಚೂಪಾಗಿ ಕಾಣುತ್ತಿತ್ತು. 1970ರ ದಶಕದ ಆರಂಭದಿಂದ ಪರಿಭಾಷೆಯನ್ನು ಏಕರೂಪಗೊಳಿಸುವ ಪ್ರಯತ್ನಗಳು ಅಂತರರಾಷ್ಟ್ರೀಯ ಮಟ್ಟದಲ್ಲಿ ನಡೆದವು. ಕ್ರಮೇಣ ಹಾನ್ ಅವರ ಪದಗಳು ಇಂಗ್ಲಿಷ್ ಬಳಸುವ ದೇಶಗಳಲ್ಲಿ ನೆಲೆಯೂರಿದವು. ಲ್ಯಾಟಿನ್ ಅಮೆರಿಕದಲ್ಲಿ ಡಿಪ್ ಎಂಬ ಹೆಸರು ಉಳಿಯಿತು.

ಗರ್ಭದೊಳಗೇ ಶಿಶುವಿನ ಚೇತರಿಕೆ

ಎರಡನೆಯ ಬಗೆಯ ತಗ್ಗುಗಳು ಕಂಡ ಕೂಡಲೇ ಶಸ್ತ್ರಚಿಕಿತ್ಸೆಯಿಂದ ಶಿಶುವನ್ನು ಹೊರತೆಗೆಯುವುದೊಂದೇ ದಾರಿ ಎಂದು ಕಾಲ್ಡೆಯ್ರೊ ಬಾರ್ಸಿಯಾ ಭಾವಿಸಲಿಲ್ಲ. ಕೊರತೆಗೆ ಸಂಕೋಚನವೇ ಕಾರಣವಾಗಿದ್ದರೆ ಮೊದಲು ಸಂಕೋಚನವನ್ನು ಕಡಿಮೆ ಮಾಡಬೇಕು ಎಂಬುದು ಅವರ ತರ್ಕವಾಗಿತ್ತು. ಆಕ್ಸಿಟೋಸಿನ್ ಹನಿಯನ್ನು ನಿಲ್ಲಿಸುವುದು, ತಾಯಿಯನ್ನು ಮಗ್ಗುಲಿಗೆ ತಿರುಗಿಸುವುದು, ಗರ್ಭಕೋಶವನ್ನು ಸಡಿಲಗೊಳಿಸುವ ಔಷಧವನ್ನು ನೀಡುವುದು ಮುಂತಾದ ಕ್ರಮಗಳಿಂದ ಶಿಶುವಿಗೆ ಗರ್ಭದೊಳಗೇ ಚೇತರಿಸಿಕೊಳ್ಳಲು ಅವಕಾಶ ದೊರೆಯುತ್ತದೆ ಎಂದು ಅವರ ತಂಡ 1960ರ ದಶಕದ ಕೊನೆಯಲ್ಲಿ ಪ್ರತಿಪಾದಿಸಿತು. ಶಿಶುವಿನ ತಲೆಯ ಚರ್ಮದಿಂದ ರಕ್ತದ ಹನಿ ತೆಗೆದು ಆಮ್ಲತೆಯನ್ನು ಪರೀಕ್ಷಿಸುವ ವಿಧಾನವನ್ನು ಬರ್ಲಿನ್‌ನ ಎರಿಕ್ ಜಾಲಿಂಗ್ ಅದೇ ದಶಕದ ಆರಂಭದಲ್ಲಿ ರೂಪಿಸಿದ್ದರು. ಇದರಿಂದ ರೇಖೆಯ ಸೂಚನೆಯನ್ನು ಇನ್ನೊಂದು ಪರೀಕ್ಷೆಯ ಮೂಲಕ ಖಚಿತಪಡಿಸಿಕೊಳ್ಳಲು ಸಾಧ್ಯವಾಯಿತು.

ಹೆರಿಗೆ ಕೋಣೆಯ ರೂಢಿಗಳ ವಿಮರ್ಶೆ

ಎರಡು ರೇಖೆಗಳನ್ನು ಒಟ್ಟಿಗೆ ಓದಿದಾಗ, ಕೆಲವು ತಗ್ಗುಗಳಿಗೆ ತಾಯಿಯ ಅಥವಾ ಶಿಶುವಿನ ಕಾಯಿಲೆಯಲ್ಲ, ಹೆರಿಗೆ ಕೋಣೆಯಲ್ಲಿ ಅನುಸರಿಸುವ ಕ್ರಮಗಳೇ ಕಾರಣ ಎಂಬುದು ಕಂಡುಬಂದಿತು. 1970ರ ದಶಕದಲ್ಲಿ ಕಾಲ್ಡೆಯ್ರೊ ಬಾರ್ಸಿಯಾ ಅವರ ಬರಹಗಳು ಮತ್ತು ಉಪನ್ಯಾಸಗಳು ಹೆಚ್ಚಾಗಿ ಈ ವಿಷಯವನ್ನು ಕುರಿತವು.

ತಾಯಿಯ ಭಂಗಿ: ಅಂಗಾತ ಮಲಗಿದ ಗರ್ಭಿಣಿಯ ಗರ್ಭಕೋಶವು ಬೆನ್ನುಮೂಳೆಯ ಮುಂದಿರುವ ದೊಡ್ಡ ರಕ್ತನಾಳಗಳ ಮೇಲೆ ಭಾರ ಹಾಕುತ್ತದೆ. ಸಂಕೋಚನದ ವೇಳೆ ಮಹಾಪಧಮನಿ ಅದುಮಲ್ಪಟ್ಟು ತೊಡೆಯ ನಾಡಿ ಕ್ಷೀಣಿಸುವುದನ್ನು ತಂಡದ ಸದಸ್ಯ ಹುವಾನ್ ಹೊಸೆ ಪೊಸೆಯ್ರೊ ಗುರುತಿಸಿದರು. ಇದನ್ನು ಪೊಸೆಯ್ರೊ ಪರಿಣಾಮ ಎಂದು ಕರೆಯಲಾಗುತ್ತದೆ. ತಾಯಿ ಮಗ್ಗುಲಾದಾಗ ಈ ಒತ್ತಡ ತಗ್ಗುತ್ತದೆ. ಸಂಕೋಚನಗಳು ಬಲಗೊಂಡು ಅವುಗಳ ನಡುವಿನ ಅಂತರ ಹೆಚ್ಚುತ್ತದೆ. ಹಲವು ಲ್ಯಾಟಿನ್ ಅಮೆರಿಕನ್ ಆಸ್ಪತ್ರೆಗಳು ಸೇರಿ ನಡೆಸಿದ ಅಧ್ಯಯನದಲ್ಲಿ, ನಿಂತು, ಕುಳಿತು ಅಥವಾ ನಡೆದಾಡುತ್ತಾ ಇದ್ದ ತಾಯಂದಿರಲ್ಲಿ ಹೆರಿಗೆಯ ಮೊದಲ ಹಂತ ಬೇಗ ಮುಗಿಯಿತು. ಅಂಗಾತ ಮಲಗಿಸುವ ರೂಢಿಯು ವೈದ್ಯರ ಅನುಕೂಲಕ್ಕಾಗಿ ಬಂದದ್ದೇ ಹೊರತು ತಾಯಿ ಮತ್ತು ಶಿಶುವಿನ ಹಿತಕ್ಕಾಗಿ ಅಲ್ಲ ಎಂಬುದು ಕಾಲ್ಡೆಯ್ರೊ ಬಾರ್ಸಿಯಾ ಅವರ ನಿಲುವಾಗಿತ್ತು.

ನೀರಿನ ಚೀಲವನ್ನು ಬೇಗ ಒಡೆಯುವುದು: ಹೆರಿಗೆಯನ್ನು ತ್ವರಿತಗೊಳಿಸಲು ನೀರಿನ ಚೀಲವನ್ನು ಕೃತಕವಾಗಿ ಒಡೆಯುವ ಪದ್ಧತಿ ವ್ಯಾಪಕವಾಗಿತ್ತು. ಇದರಿಂದ ಹೆರಿಗೆಯ ಅವಧಿ ಕಡಿಮೆಯಾಗುವುದು ನಿಜವಾದರೂ, ಶಿಶುವಿನ ತಲೆಯನ್ನು ಕಾಪಾಡುತ್ತಿದ್ದ ದ್ರವ ಹೊರಹೋಗಿ ಒಂದನೆಯ ಬಗೆಯ ತಗ್ಗುಗಳು ಹೆಚ್ಚುವುದನ್ನು ತಂಡ ದಾಖಲಿಸಿತು. ಸೂಕ್ತ ಕಾರಣವಿಲ್ಲದೆ ಇದನ್ನು ಮಾಡಬಾರದೆಂದು ಅವರು ವಾದಿಸಿದರು.

ಉಸಿರು ಕಟ್ಟಿ ಮುಕ್ಕುವುದು: ಶಿಶು ಹೊರಬರುವ ಹಂತದಲ್ಲಿ ಉಸಿರನ್ನು ದೀರ್ಘವಾಗಿ ಹಿಡಿದು ಮುಕ್ಕುವಂತೆ ತಾಯಿಗೆ ಆದೇಶಿಸುವ ರೂಢಿಯನ್ನು ಅವರು 1979ರ ಪ್ರಬಂಧವೊಂದರಲ್ಲಿ ಪರಿಶೀಲಿಸಿದರು. ದೀರ್ಘವಾಗಿ ಉಸಿರು ಹಿಡಿದಾಗ ತಾಯಿಯ ರಕ್ತದಲ್ಲಿ ಆಮ್ಲಜನಕ ಕುಸಿದು, ಮಾಸುವಿನ ರಕ್ತಪೂರೈಕೆಗೂ ತೊಂದರೆಯಾಗಿ, ಶಿಶುವಿನ ಹೃದಯ ಬಡಿತ ಇಳಿಯುತ್ತದೆ. ತಾಯಿ ತನಗೆ ಒತ್ತರ ಬಂದಾಗ ಮಾತ್ರ, ಕೆಲವೇ ಸೆಕೆಂಡುಗಳ ಕಾಲ ಮುಕ್ಕಿದಾಗ ಈ ತೊಂದರೆ ಕಡಿಮೆ ಎಂದು ಅವರು ಹೇಳಿದರು.

ಈ ವಿಮರ್ಶೆಗೆ ವಿಶೇಷ ತೂಕ ಬಂದುದಕ್ಕೆ ಕಾರಣ, ಇದನ್ನು ಮಾಡಿದವರು ಯಂತ್ರವನ್ನು ವಿರೋಧಿಸುವವರಾಗಿರಲಿಲ್ಲ. ಅಳತೆಯನ್ನು ಹೆರಿಗೆ ಕೋಣೆಗೆ ತಂದವರೇ ಅದರ ಆಧಾರದಿಂದ ಹಸ್ತಕ್ಷೇಪವನ್ನು ಮಿತಗೊಳಿಸಬೇಕೆಂದು ಹೇಳುತ್ತಿದ್ದರು. ಹೆರಿಗೆಯಲ್ಲಿ ತಾಯಿಯ ಆಯ್ಕೆಗೆ ಮನ್ನಣೆ ಕೋರುತ್ತಿದ್ದ ಅನೇಕ ದೇಶಗಳ ಸಂಘಟನೆಗಳು ಅವರ ಪ್ರಬಂಧಗಳನ್ನು ಆಧಾರವಾಗಿ ಬಳಸಿಕೊಂಡವು.

ಸಂಸ್ಥೆಗಳು ಮತ್ತು ಸಾರ್ವಜನಿಕ ಹೊಣೆಗಳು

ಉರುಗ್ವೆ ಸರ್ಕಾರ, ಗಣರಾಜ್ಯ ವಿಶ್ವವಿದ್ಯಾಲಯ ಮತ್ತು ಪಾನ್ ಅಮೆರಿಕನ್ ಆರೋಗ್ಯ ಸಂಸ್ಥೆಗಳ ಒಪ್ಪಂದದಂತೆ 1970ರಲ್ಲಿ ಮಾಂಟೆವಿಡಿಯೊದಲ್ಲಿ ಲ್ಯಾಟಿನ್ ಅಮೆರಿಕನ್ ಪೆರಿನೇಟಾಲಜಿ ಕೇಂದ್ರ ಸ್ಥಾಪನೆಯಾಯಿತು. ಹೆರಿಗೆಯ ಆಸುಪಾಸಿನ ಅವಧಿಯಲ್ಲಿ ತಾಯಿ ಮತ್ತು ಶಿಶುವಿನ ಆರೋಗ್ಯವನ್ನು ಒಟ್ಟಾಗಿ ಅಧ್ಯಯನ ಮಾಡುವುದು ಇದರ ಉದ್ದೇಶವಾಗಿತ್ತು. ಕಾಲ್ಡೆಯ್ರೊ ಬಾರ್ಸಿಯಾ ಇದರ ನಿರ್ದೇಶಕರಾಗಿ ಕಾರ್ಯ ನಿರ್ವಹಿಸಿದರು. ಖಂಡದ ಹಲವು ದೇಶಗಳ ವೈದ್ಯರು ಇಲ್ಲಿ ತರಬೇತಿ ಪಡೆದರು. ಗರ್ಭಿಣಿಯರ ಮತ್ತು ನವಜಾತ ಶಿಶುಗಳ ದಾಖಲೆಗಳನ್ನು ಏಕರೂಪವಾಗಿ ಇಡುವ ಮಾಹಿತಿ ವ್ಯವಸ್ಥೆಯೊಂದನ್ನು ಈ ಕೇಂದ್ರವು 1983ರಲ್ಲಿ ಹೊರತಂದಿತು. ಅದು ಲ್ಯಾಟಿನ್ ಅಮೆರಿಕದ ಅನೇಕ ಆಸ್ಪತ್ರೆಗಳಲ್ಲಿ ಬಳಕೆಗೆ ಬಂದಿತು. ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟದ ಅಧ್ಯಕ್ಷರಾಗಿಯೂ ಕಾಲ್ಡೆಯ್ರೊ ಬಾರ್ಸಿಯಾ ಸೇವೆ ಸಲ್ಲಿಸಿದರು.

ಉರುಗ್ವೆಯಲ್ಲಿ 1973ರಿಂದ 1985ರವರೆಗೆ ಸೇನಾ ಬೆಂಬಲಿತ ಸರ್ವಾಧಿಕಾರವಿತ್ತು. ಆ ಅವಧಿಯಲ್ಲಿ ವಿಶ್ವವಿದ್ಯಾಲಯವು ಸ್ವಾಯತ್ತತೆಯನ್ನು ಕಳೆದುಕೊಂಡಿತು, ಅನೇಕ ವಿಜ್ಞಾನಿಗಳು ದೇಶ ತೊರೆದರು. ಪ್ರಜಾಪ್ರಭುತ್ವ ಮರಳಿದ ಮೇಲೆ ಮೂಲ ವಿಜ್ಞಾನಗಳ ಪುನಶ್ಚೇತನಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮವೊಂದು 1986ರಲ್ಲಿ ಆರಂಭವಾಯಿತು. ಇದರ ಸ್ಥಾಪಕರಲ್ಲಿ ಒಬ್ಬರಾದ ಕಾಲ್ಡೆಯ್ರೊ ಬಾರ್ಸಿಯಾ ನಿರ್ದೇಶಕರ ಹೊಣೆಯನ್ನೂ ವಹಿಸಿಕೊಂಡರು. ಅವರು 1996ರ ನವೆಂಬರ್ 2ರಂದು ಮಾಂಟೆವಿಡಿಯೊದಲ್ಲಿ ನಿಧನರಾದರು.

ನಂತರದ ಮೌಲ್ಯಮಾಪನ

1960ರ ದಶಕದ ಕೊನೆಯಲ್ಲಿ ಹೃದಯ ಬಡಿತವನ್ನು ನಿರಂತರವಾಗಿ ದಾಖಲಿಸುವ ಯಂತ್ರಗಳು ಮಾರುಕಟ್ಟೆಗೆ ಬಂದು, ಶ್ರೀಮಂತ ದೇಶಗಳ ಆಸ್ಪತ್ರೆಗಳಲ್ಲಿ ವೇಗವಾಗಿ ಹರಡಿದವು. ಅವುಗಳ ಪ್ರಯೋಜನವನ್ನು ಹೋಲಿಕೆಯ ಪ್ರಯೋಗಗಳಿಂದ ಪರೀಕ್ಷಿಸಿದ್ದು ಅನಂತರ. ಅಮೆರಿಕದ ಡೆನ್ವರ್‌ನಲ್ಲಿ ನಡೆದು 1976ರಲ್ಲಿ ಪ್ರಕಟವಾದ ಪ್ರಯೋಗವು, ಯಂತ್ರದ ನಿಗಾದಿಂದ ಶಿಶುಗಳ ಸ್ಥಿತಿ ಉತ್ತಮಗೊಳ್ಳದಿದ್ದರೂ ಸಿಸೇರಿಯನ್ ಶಸ್ತ್ರಚಿಕಿತ್ಸೆಗಳು ಹೆಚ್ಚಿದುದನ್ನು ತೋರಿಸಿತು. ಡಬ್ಲಿನ್‌ನಲ್ಲಿ 12,964 ತಾಯಂದಿರನ್ನು ಒಳಗೊಂಡು 1985ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನಿರಂತರ ನಿಗಾದಿಂದ ನವಜಾತ ಶಿಶುಗಳ ಸೆಳವು ಕಡಿಮೆಯಾಯಿತು. ಎಲ್ಲ ಪ್ರಯೋಗಗಳನ್ನೂ ಒಟ್ಟುಗೂಡಿಸಿದ ವಿಶ್ಲೇಷಣೆಗಳು ಸೆಳವು ಸುಮಾರು ಅರ್ಧದಷ್ಟು ಕಡಿಮೆಯಾಗುತ್ತದೆ, ಆದರೆ ಶಿಶುಮರಣದಲ್ಲಾಗಲಿ ಸೆರೆಬ್ರಲ್ ಪಾಲ್ಸಿಯಲ್ಲಾಗಲಿ ಸ್ಪಷ್ಟ ವ್ಯತ್ಯಾಸವಿಲ್ಲ, ಸಿಸೇರಿಯನ್ ಮಾತ್ರ ಹೆಚ್ಚುತ್ತದೆ ಎಂದು ಹೇಳುತ್ತವೆ. ಒಂದೇ ರೇಖೆಯನ್ನು ಬೇರೆ ಬೇರೆ ತಜ್ಞರು ಬೇರೆ ಬೇರೆಯಾಗಿ ಓದುವುದೂ ಅನೇಕ ಅಧ್ಯಯನಗಳಲ್ಲಿ ಕಂಡುಬಂದಿದೆ.

ಈ ಗೊಂದಲವನ್ನು ಕಡಿಮೆ ಮಾಡಲು ಅಂತರರಾಷ್ಟ್ರೀಯ ಒಕ್ಕೂಟವು 1987ರಲ್ಲಿ ಮಾರ್ಗಸೂಚಿಗಳನ್ನು ಪ್ರಕಟಿಸಿ, 2015ರಲ್ಲಿ ಅವನ್ನು ಪರಿಷ್ಕರಿಸಿತು. ಅಮೆರಿಕದಲ್ಲಿ 1997ರಲ್ಲಿ ಸಾಮಾನ್ಯ ಪರಿಭಾಷೆಯೊಂದು ರೂಪುಗೊಂಡು, 2008ರಲ್ಲಿ ಮೂರು ಹಂತದ ವರ್ಗೀಕರಣ ಜಾರಿಗೆ ಬಂದಿತು. ಇವುಗಳಲ್ಲಿ ಇಳಿತದ ಜೊತೆಗೆ ಬಡಿತದ ಮೂಲ ಗತಿ ಮತ್ತು ಸಣ್ಣ ಸಣ್ಣ ಏರಿಳಿತಗಳ ವ್ಯಾಪ್ತಿಯನ್ನೂ ಸೇರಿಸಿ ನಿರ್ಧರಿಸಲಾಗುತ್ತದೆ. ನಿಮಿಷಕ್ಕೆ 110ರಿಂದ 160ರವರೆಗಿನ ಮೂಲ ಗತಿಯನ್ನು ಸಾಮಾನ್ಯವೆಂದು ಪರಿಗಣಿಸಲಾಗಿದೆ. ತಲೆಯ ಮೇಲಿನ ಒತ್ತಡದಿಂದ ಇಳಿತ ಉಂಟಾಗುತ್ತದೆ ಎಂಬ ಮಾಂಟೆವಿಡಿಯೊ ತಂಡದ ವಿವರಣೆಯನ್ನು ಇತ್ತೀಚಿನ ಕೆಲವು ಶರೀರಕ್ರಿಯಾ ಸಂಶೋಧಕರು ಪ್ರಶ್ನಿಸಿದ್ದು, ಹೆಚ್ಚಿನ ಇಳಿತಗಳಿಗೆ ಆಮ್ಲಜನಕದ ಅಲ್ಪಕಾಲಿಕ ಕೊರತೆಯೇ ಕಾರಣವೆಂದು ವಾದಿಸುತ್ತಾರೆ.

ಪರಂಪರೆ

ಮಾಂಟೆವಿಡಿಯೊ ಘಟಕವು ಇಂದಿಗೂ ಪ್ರಸೂತಿ ಶಾಸ್ತ್ರದ ಪಠ್ಯಪುಸ್ತಕಗಳಲ್ಲಿದೆ. ಹೆರಿಗೆಯ ಪ್ರಗತಿಗೆ ಸಂಕೋಚನಗಳು ಸಾಕಷ್ಟು ಬಲವಾಗಿವೆಯೇ ಎಂದು ನಿರ್ಧರಿಸಲು 200 ಘಟಕಗಳ ಮಟ್ಟವನ್ನು ಬಳಸಲಾಗುತ್ತದೆ. ಹೊಟ್ಟೆಯ ಮೂಲಕ ಸೂಜಿ ಹಾಯಿಸುವ ವಿಧಾನ ಸಂಶೋಧನೆಗಷ್ಟೇ ಸೀಮಿತವಾಗಿದ್ದು, ಚಿಕಿತ್ಸೆಯಲ್ಲಿ ಗರ್ಭಕೋಶದ ಬಾಯಿಯ ಮೂಲಕ ಒಳಸೇರಿಸುವ ಕೊಳವೆ ಹಾಗೂ ಹೊಟ್ಟೆಯ ಮೇಲೆ ಕಟ್ಟುವ ಪಟ್ಟಿಗಳು ಬಳಕೆಗೆ ಬಂದವು.

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರತಂದ ಹೆರಿಗೆ ಆರೈಕೆಯ ನಮೂನೆಯಲ್ಲಿ ಶಿಶುವಿನ ಹೃದಯ ಬಡಿತದ ಇಳಿತವನ್ನು ಮುಂಚಿನದು, ತಡವಾದದ್ದು ಅಥವಾ ಬದಲಾಗುವಂಥದ್ದು ಎಂದು ಗುರುತಿಸಬೇಕಾಗುತ್ತದೆ. ಅವುಗಳಲ್ಲಿ ತಡವಾದ ಇಳಿತವನ್ನು ಎಚ್ಚರಿಕೆಯ ಸೂಚನೆಯೆಂದು ನಮೂದಿಸಲಾಗಿದೆ. ಅದೇ ನಮೂನೆಯಲ್ಲಿ ತಾಯಿಯ ಭಂಗಿಗೂ ಒಂದು ಸಾಲಿದ್ದು, ತಾಯಿ ಅಂಗಾತ ಮಲಗಿರುವುದನ್ನೂ ಎಚ್ಚರಿಕೆಯ ಸೂಚನೆಯಾಗಿಯೇ ಪರಿಗಣಿಸಲಾಗಿದೆ. ಶಿಶುವಿನ ಹೃದಯವನ್ನೂ ತಾಯಿಯ ಸ್ಥಿತಿಯನ್ನೂ ಜೊತೆಯಾಗಿ ನೋಡಬೇಕೆಂಬುದು ಕಾಲ್ಡೆಯ್ರೊ ಬಾರ್ಸಿಯಾ ಅವರು ಪ್ರತಿಪಾದಿಸಿದ ಮುಖ್ಯ ವಿಚಾರವಾಗಿತ್ತು.